ಅಬ್ಬಲೂರಿನ ಓಲೆ, ಬಿಜ್ಜಳನ ಜಯಪತ್ರ

ತಲೆ ಕತ್ತರಿಸಿಕೊಂಡು ಏಳು ದಿನಗಳ ನಂತರ ಅದನ್ನು ಮರಳಿ ಪಡೆದ ಶಿವಭಕ್ತನ ಕಥೆಯಿಂದಾಗಿ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು ನಾಡಿಗೆಲ್ಲ ಹೆಸರಾಗಿದೆ. ಆ ಏಕಾಂತದ ರಾಮಯ್ಯನನ್ನು ಹರಿಹರ ತನ್ನ ರಗಳೆಗಳಲ್ಲಿ ಒಂದಕ್ಕೆ ನಾಯಕನನ್ನಾಗಿ ಮಾಡಿಕೊಂಡ. ತೆಲುಗಿನ ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲೂ ಅವನ ಕಥೆ ಇದೆ. ಇವೆಲ್ಲಕ್ಕಿಂತ ಘಟನೆಯ ಕಾಲಕ್ಕೂ ಊರಿಗೂ ಹತ್ತಿರವಾದದ್ದು ಅಬ್ಬಲೂರಿನ ಸೋಮೇಶ್ವರ ಗುಡಿಯ ದೊಡ್ಡ ಶಿಲಾಶಾಸನ. ಪವಾಡವೇ ಕಣ್ಣು ತುಂಬಿಬಿಡುವುದರಿಂದ, ಆ ಶಾಸನದ ಕಥೆ ಹೆಜ್ಜೆಹೆಜ್ಜೆಗೂ ಬರಹದ ದಾಖಲೆಗಳ ಮೇಲೆ ನಿಂತಿದೆ ಎಂಬ ಸಂಗತಿ ನಮ್ಮ ಗಮನಕ್ಕೆ ಬರುವುದು ಕಡಿಮೆ. ಜಗಳ ಆರಂಭವಾಗುವುದು ಒಂದು ಓಲೆಯಿಂದ. ಅರಸನ ಮುಂದೆ ಸಾಕ್ಷಿಯಾಗಿ ಬಂದದ್ದು ಅದೇ ಓಲೆ, ತೀರ್ಪಾಗಿ ಹೊರಬಿದ್ದದ್ದು ಜಯಪತ್ರ. ಆಮೇಲೆ ಮೂವರು ದೊರೆಗಳ ದತ್ತಿಗಳು ಬಂದವು. ಇವೆಲ್ಲವನ್ನೂ ಒಟ್ಟುಗೂಡಿಸಿ ಕೊನೆಗೆ ಕಲ್ಲಿಗೆ ಇಳಿಸಲಾಯಿತು. ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿ ಬರೆದುಕೊಟ್ಟ ಮಾತಿಗೆ ಎಷ್ಟು ಬೆಲೆಯಿತ್ತು, ಆ ಬೆಲೆ ಯಾರ ಕೈಗೆ ದಕ್ಕಿತು ಎಂದು ತಿಳಿಯಬೇಕಾದವರು ಈ ಒಂದು ಕಲ್ಲನ್ನು ಸಾವಧಾನವಾಗಿ ಓದಬೇಕು.

ಬರಹದ ದಾಖಲೆ ಈ ಭಾಗಕ್ಕೆ ಹೊಸದೇನೂ ಆಗಿರಲಿಲ್ಲ. ಹಾನಗಲ್ಲು ಆಗ ಪಾನುಂಗಲ್ಲು, ಐನೂರು ಹಳ್ಳಿಗಳ ನಾಡಿಗೆ ರಾಜಧಾನಿ. ಅದರಾಚೆಗೆ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ), ಬಡಗಕ್ಕೆ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ. ಆ ಪುಲಿಗೆರೆಯಲ್ಲಿ ಎಂಟನೆಯ ಶತಮಾನದ ಮೊದಲ ಭಾಗದಲ್ಲೇ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರ ವ್ಯವಸ್ಥೆಯನ್ನು ಬರೆಸಿಕೊಟ್ಟಿದ್ದ. ಅಧಿಕಾರಿಗಳ ಕರ್ತವ್ಯ ಏನು, ಮನೆ ಮನೆಗೂ ತೆರಿಗೆ ಎಷ್ಟು ಎಂಬುದೆಲ್ಲ ಅದರಲ್ಲಿದೆ. ರಾಜಪುರುಷರು ಕಾಪಾಡಬೇಕಾದವುಗಳ ಪಟ್ಟಿಯಲ್ಲಿ ಅರಸು ಕೊಟ್ಟ ದತ್ತಿ, ಸಜ್ಜನರ ಸಾಕ್ಷ್ಯ, ತಾಮ್ರಶಾಸನ, ಬಹುಕಾಲದ ಅನುಭೋಗ ಇವೆಲ್ಲ ಒಟ್ಟಿಗೆ ಬರುತ್ತವೆ. ಪ್ರಜೆಯ ಹಕ್ಕು ಯಾವ ಆಧಾರಗಳ ಮೇಲೆ ನಿಲ್ಲುತ್ತದೆ ಎಂಬ ಸ್ಪಷ್ಟ ಕಲ್ಪನೆ ಅಷ್ಟು ಹಿಂದೆಯೇ ಇತ್ತು.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೆಸರು ಕೊಟ್ಟ ಬಂಕೇಯನ ವಿಷಯವೂ ಇಲ್ಲಿ ನೆನಪಾಗಬೇಕು. ರಾಷ್ಟ್ರಕೂಟ ಅಮೋಘವರ್ಷನ ನಂಬಿಕೆಯ ಈ ದಂಡನಾಯಕ ಕೊಳನೂರಿನಲ್ಲಿ, ಅಂದರೆ ಇಂದಿನ ಗದಗ ಜಿಲ್ಲೆಯ ಕೊಣ್ಣೂರಿನಲ್ಲಿ, ಒಂದು ಜಿನಾಲಯ ಕಟ್ಟಿಸಿದ. ಶಕ 782ರ, ಎಂದರೆ ಕ್ರಿ.ಶ. 860ರ ಚಂದ್ರಗ್ರಹಣದಂದು ಅರಸ ಅದಕ್ಕೆ ತಳೆಯೂರನ್ನು ಬಿಟ್ಟುಕೊಟ್ಟ. ಆ ದತ್ತಿ ಬರೆದದ್ದು ತಾಮ್ರಪಟದ ಮೇಲೆ. ಈಗ ಉಳಿದಿರುವುದು ಕಲ್ಲು. ಕಲ್ಲಿನ ಕೊನೆಯಲ್ಲಿ ಅದಕ್ಕೆ ಕಾರಣವನ್ನೂ ಹೇಳಿದೆ: ಕೊಳನೂರಿನ ಮಹಾಪ್ರಭು ಹುಲಿಯಮರಸ ಮೊದಲಾದವರು ಬೇಡಿಕೊಂಡದ್ದರಿಂದ ವೀರಣಂದಿ ಮುನಿಗಳು ತಾಮ್ರಶಾಸನವನ್ನು ನೋಡಿ ಶಿಲಾಶಾಸನವಾಗಿ ಬರೆಸಿದರು. ಈ ಪ್ರತಿ ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ ಎಂದು ಅದನ್ನು ಪ್ರಕಟಿಸಿದ ಕೀಲ್‌ಹಾರ್ನ್ ಲೆಕ್ಕ ಹಾಕಿದರು. ಮುನ್ನೂರು ವರ್ಷಗಳಷ್ಟು ಹಳೆಯ ಪಟವನ್ನು ಯಾರೋ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು, ಅದನ್ನು ಓದಬಲ್ಲವರೂ ಇದ್ದರು. ಅಷ್ಟು ಹೊತ್ತಿಗೆ ಆ ಪಟವನ್ನು ಎಲ್ಲರ ಕಣ್ಣಿಗೂ ಕಾಣುವಂತೆ ನಿಲ್ಲಿಸುವ ಜರೂರು ಬಸದಿಯವರಿಗೆ ಬಂದಿತ್ತು. ಪ್ರತಿ ಮೂಲಕ್ಕೆ ಎಷ್ಟು ನಿಷ್ಠವಾಗಿದೆ ಎಂಬ ಅನುಮಾನ ವಿದ್ವಾಂಸರಿಗೆ ಇದ್ದೇ ಇದೆ. ನನಗೆ ಮುಖ್ಯವಾಗಿ ಕಾಣುವುದು ಆ ಜರೂರು. ಅದೇ ಶತಮಾನದಲ್ಲಿ, ಅದೇ ಸೀಮೆಯಲ್ಲಿ, ಅಬ್ಬಲೂರಿನ ಬಸದಿ ಉರುಳಿತು.

ಕಾನೂನಿನ ಶಾಸ್ತ್ರವೂ ದೂರದಲ್ಲಿರಲಿಲ್ಲ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ ಕಲ್ಯಾಣದಲ್ಲೇ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ವ್ಯಾಜ್ಯದಲ್ಲಿ ಮನುಷ್ಯರು ಕೊಡಬಹುದಾದ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯ, ಅಂದರೆ ಬೆಂಕಿ ನೀರು ವಿಷಗಳ ಪರೀಕ್ಷೆ. ಒಬ್ಬ ತನ್ನ ಕೈಯಾರೆ ಬರೆದ ಪತ್ರಕ್ಕೆ ಸಾಕ್ಷಿಗಳಿಲ್ಲದಿದ್ದರೂ ಅದು ಪ್ರಮಾಣವೇ, ಬಲಾತ್ಕಾರದಿಂದಲೋ ಮೋಸದಿಂದಲೋ ಬರೆಸಿಕೊಂಡಿದ್ದರೆ ಮಾತ್ರ ಅಲ್ಲ. ಪತ್ರ ಸುಟ್ಟರೆ, ಹರಿದರೆ, ಅಳಿಸಿಹೋದರೆ, ಕಳುವಾದರೆ ಹೊಸದನ್ನು ಬರೆಸಬೇಕು. ಅರಸು ಭೂಮಿ ಕೊಟ್ಟರೆ ಬಟ್ಟೆಯ ಮೇಲೋ ತಾಮ್ರದ ಮೇಲೋ ತನ್ನ ವಂಶ, ಹೆಸರು, ಕೊಟ್ಟ ಭೂಮಿಯ ಅಳತೆ, ಎಲ್ಲೆ, ಕಾಲ ಎಲ್ಲವನ್ನೂ ಬರೆಸಿ ಸಹಿ ಹಾಕಿ ಮುದ್ರೆ ಒತ್ತಬೇಕು. ಈ ಸೀಮೆಯ ಯಾವ ದಾನಶಾಸನ ತೆಗೆದರೂ ಈ ಕ್ರಮದ ನೆರಳು ಕಾಣುತ್ತದೆ. ಕಾಲು ತೊಳೆದು ಧಾರೆಯೆರೆದದ್ದು, ಗಳೆಯಿಂದ ಅಳೆದ ಮತ್ತರುಗಳು, ಮೂಡಲು ತೆಂಕಲು ಪಡುವಲು ಬಡಗಲ ಎಲ್ಲೆಗಳು, ಕೊನೆಗೆ ಅಳಿದವನಿಗೆ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವ ಶಾಪ. ಮೇಲ್ಗಡೆ ಸೂರ್ಯ ಚಂದ್ರ, ಕೆಳಗೆ ಹಸು ಕರು. ಅಕ್ಷರ ಬಾರದ ಒಕ್ಕಲಿಗನಿಗೂ ಈ ಚಿತ್ರ ನೋಡಿದರೆ ಇದು ಮುಟ್ಟಬಾರದ ಭೂಮಿ ಎಂದು ತಿಳಿಯುತ್ತಿತ್ತು.

ಇಂಥ ಕಾಲಕ್ಕೆ ರಾಮಯ್ಯ ಅಬ್ಬಲೂರಿಗೆ ಬಂದ. ಕಲ್ಲು ಹೇಳುವಂತೆ ಅವನು ಆಳಂದೆಯವನು, ಪುರುಷೋತ್ತಮ ಭಟ್ಟ ಮತ್ತು ಪದ್ಮಾಂಬಿಕೆಯರ ಮಗ. ಶಿವನನ್ನಲ್ಲದೆ ಬೇರೊಂದು ದೈವವನ್ನು ನೆನೆಯದೆ ಇದ್ದುದರಿಂದ ಏಕಾಂತದ ರಾಮಯ್ಯನೆಂದು ಹೆಸರಾಯಿತು. ಪುಲಿಗೆರೆಯ ಸೋಮನಾಥನ ಸನ್ನಿಧಿಯಲ್ಲಿದ್ದಾಗ ದೇವರ ಅಪ್ಪಣೆಯಾಗಿ ಅಬ್ಬಲೂರಿಗೆ ಹೊರಟ. ಅಲ್ಲಿನ ಬ್ರಹ್ಮೇಶ್ವರ ಆಗಲೇ ಹೆಸರುವಾಸಿಯಾದ ಗುಡಿ. ವಿಕ್ರಮಾದಿತ್ಯನ ಕಾಲದ, 1101ರಿಂದ ಮುಂದಿನ ಶಾಸನಗಳು ಅದಕ್ಕೆ ಸಂದ ದತ್ತಿಗಳನ್ನೂ ಅಲ್ಲಿದ್ದ ಕಾಳಾಮುಖ ಗುರುಗಳನ್ನೂ ಹೆಸರಿಸುತ್ತವೆ. ಊರಲ್ಲಿ ಬಸದಿಯೂ ಇತ್ತು, ಜೈನ ಒಕ್ಕಲುಗಳೂ ಇದ್ದರು. ಅವರ ಮುಂದಾಳು ಶಂಕಗಾವುಂಡ.

ಮುಂದಿನದು ಒಂದು ಮಾತಿನ ಚಕಮಕಿ. ರಾಮಯ್ಯ ಬ್ರಹ್ಮೇಶ್ವರನ ಪೂಜೆಯಲ್ಲಿದ್ದಾಗ ಶಂಕಗಾವುಂಡನೂ ಅವನ ಕಡೆಯವರೂ ಹತ್ತಿರ ಬಂದು ಜಿನನೇ ದೈವವೆಂದು ಸ್ತುತಿಸತೊಡಗಿದರು. ಶಿವನ ಮುಂದೆ ಅನ್ಯದೈವವನ್ನು ಹೊಗಳಬೇಡಿ ಎಂದ ರಾಮಯ್ಯ. ಮಾತಿಗೆ ಮಾತು ಬೆಳೆದು, ನಿನ್ನ ಶಿವ ಅಷ್ಟು ದೊಡ್ಡವನಾದರೆ ತಲೆ ಕಡಿದುಕೊಂಡು ಅವನಿಂದ ಮರಳಿ ಪಡೆ ಎಂದರು ಜೈನರು. ಪಡೆದರೆ ನೀವೇನು ಕೊಡುವಿರಿ ಎಂದು ಇವನು ಕೇಳಿದ. ನಮ್ಮ ಬಸದಿಯ ಜಿನನನ್ನು ಕಿತ್ತು ಅಲ್ಲಿ ಶಿವನನ್ನು ಪ್ರತಿಷ್ಠೆ ಮಾಡುತ್ತೇವೆ ಎಂದರು. ಹಾಗಾದರೆ ಓಲೆ ಬರೆದುಕೊಡಿ ಎಂದ ರಾಮಯ್ಯ. ಬರೆದುಕೊಟ್ಟರು.

ಈ ಜಾಗದಲ್ಲಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ತಲೆಯನ್ನೇ ಕೊಡಲು ಹೊರಟ ಭಕ್ತ ಎದುರಾಳಿಗಳ ಬಾಯಿಮಾತನ್ನು ನಂಬಲಿಲ್ಲ. ಎದುರಾಳಿಗಳೂ ಬರೆದುಕೊಡಲು ಹಿಂದೆಮುಂದೆ ನೋಡಲಿಲ್ಲ. ಆಗದ ಹೋಗದ ಕೆಲಸಕ್ಕೆ ಒಡ್ಡಿದ ಪಣವೆಂದು ಅವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಸೇನಬೋವರೂ ಕರಣಿಕರೂ ಊರೂರಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಒಂದು ಓಲೆಗರಿಯ ಮೇಲೆ ಕಂಟದಿಂದ ನಾಲ್ಕು ಸಾಲು ಕೊರೆಯುವುದು ದೊಡ್ಡ ಸಂಗತಿಯಾಗಿ ಕಂಡಿರಲಾರದು. ಊರಿನ ಭವಿಷ್ಯ ಆ ನಾಲ್ಕು ಸಾಲಿನಲ್ಲಿ ಸಿಕ್ಕಿಕೊಂಡಿತು.

ರಾಮಯ್ಯ ತಲೆ ಕಡಿದು ಶಿವನ ಪಾದದಲ್ಲಿ ಇರಿಸಿದ, ಏಳು ದಿನಗಳ ಮೇಲೆ ಕಲೆಯೂ ಇಲ್ಲದಂತೆ ತಲೆ ಮರಳಿ ಬಂತು ಎನ್ನುತ್ತದೆ ಶಾಸನ. ಮೂರ್ತಿಯನ್ನು ಮುಟ್ಟಬೇಡವೆಂದು ಜೈನರು ಬೇಡಿಕೊಂಡರು. ಅವನು ಕೇಳಲಿಲ್ಲ. ಅವರು ಕಾಲಾಳು ಕುದುರೆಗಳನ್ನು ಕೂಡಿಸಿ ಅಡ್ಡ ನಿಂತರು. ಅವನು ಅವರನ್ನು ಚದುರಿಸಿ ಜಿನಬಿಂಬವನ್ನು ಒಡೆದು ಅಲ್ಲಿ ವೀರ ಸೋಮನಾಥ ಲಿಂಗವನ್ನು ನಿಲ್ಲಿಸಿದ. ಸೋಮೇಶ್ವರ ಗುಡಿಯಲ್ಲಿ ಈ ಪ್ರಸಂಗಗಳ ಉಬ್ಬುಶಿಲ್ಪಗಳಿವೆ, ಅವುಗಳ ಜೊತೆಗೆ ಚಿಕ್ಕಚಿಕ್ಕ ಬರಹಗಳೂ ಇವೆ. ಶಂಕಗಾವುಂಡ ಬಸದಿಯನ್ನು ಒಡೆಯಗೊಡದೆ ಆಳು ಕುದುರೆಗಳನ್ನು ಒಡ್ಡಿದ ಜಾಗ ಇದು, ರಾಮಯ್ಯ ಕಾದಿ ಗೆದ್ದು ಲಿಂಗವನ್ನು ಸ್ಥಾಪಿಸಿದ ಜಾಗ ಇದು ಎಂದು ಅವು ತೋರಿಸುತ್ತವೆ. ದೊಡ್ಡ ಶಾಸನ ಓದಲು ಕುಳಿತುಕೊಳ್ಳದವರಿಗೂ ಹಕ್ಕಿನ ಕಥೆ ತಿಳಿಯಲಿ ಎಂಬ ಉದ್ದೇಶ ಅದರಲ್ಲಿ ಸ್ಪಷ್ಟವಾಗಿದೆ.

ಜೈನರು ಬಿಜ್ಜಳನ ಬಳಿ ದೂರು ಒಯ್ದರು. ಕಲಚುರಿ ಬಿಜ್ಜಳ ಆಗ ಚಾಲುಕ್ಯರನ್ನು ಬದಿಗೆ ಸರಿಸಿ ಕಲ್ಯಾಣದ ಸಿಂಹಾಸನಕ್ಕೆ ಬಂದಿದ್ದವನು. 1160ರ ದಶಕದ ಮಾತು. ಅರಸ ಕೋಪಗೊಂಡು ರಾಮಯ್ಯನನ್ನು ಕರೆಸಿ ಈ ಅನ್ಯಾಯ ಯಾಕೆ ಮಾಡಿದೆ ಎಂದು ಕೇಳಿದ. ರಾಮಯ್ಯ ವಾದಕ್ಕೆ ಇಳಿಯಲಿಲ್ಲ. ಇವರೇ ಬರೆದುಕೊಟ್ಟದ್ದು ಎಂದು ಓಲೆಯನ್ನು ಮುಂದಿಟ್ಟ. ಬೇಕಿದ್ದರೆ ಇವರು ಪುಲಿಗೆರೆಯ ಆನೆಸೆಜ್ಜೆಯ ಬಸದಿ ಸೇರಿದಂತೆ ತಮ್ಮ ಬಸದಿಗಳನ್ನೆಲ್ಲ ಪಣಕ್ಕೆ ಒಡ್ಡಲಿ, ನಿಮ್ಮ ಕಣ್ಣೆದುರಿಗೇ ಮತ್ತೆ ತಲೆ ಕಡಿದುಕೊಳ್ಳುತ್ತೇನೆ ಎಂದ. ಬಿಜ್ಜಳ ಜೈನರನ್ನು ಕೂಡಿಸಿ ಹಾಗೆ ಪಣ ಬರೆದುಕೊಡುವಿರಾ ಎಂದು ಕೇಳಿದ. ಅವರು ಒಪ್ಪಲಿಲ್ಲ. ನಾವು ಬಂದದ್ದು ಹಾಳಾದ ಬಸದಿಯ ದೂರು ಹೇಳಲು, ಇದ್ದ ಬಸದಿಗಳನ್ನು ಪಣಕ್ಕೆ ಒಡ್ಡಲು ಅಲ್ಲ ಎಂದರು. ಬಿಜ್ಜಳ ನಕ್ಕು, ಇನ್ನು ಮೇಲೆ ಸುಮ್ಮನೆ ಬಾಳಿಕೊಂಡಿರಿ ಎಂದು ಅವರನ್ನು ಕಳಿಸಿ, ತುಂಬಿದ ಸಭೆಯಲ್ಲಿ ರಾಮಯ್ಯನಿಗೆ ಜಯಪತ್ರ ಕೊಟ್ಟ.

ಜಯಪತ್ರವೆಂದರೆ ಹೊಗಳಿಕೆಯ ಪತ್ರವಲ್ಲ. ಧರ್ಮಶಾಸ್ತ್ರದ ಪ್ರಕಾರ ವ್ಯಾಜ್ಯ ಮುಗಿದ ಮೇಲೆ ದೂರು, ಉತ್ತರ, ಪ್ರಮಾಣ, ನಿರ್ಣಯ ಇವನ್ನು ಬರೆಸಿ ರಾಜಮುದ್ರೆ ಒತ್ತಿ ಗೆದ್ದವನಿಗೆ ಕೊಡುವ ದಾಖಲೆ. ಮುಂದೆ ಅದೇ ವಿಷಯಕ್ಕೆ ಮತ್ತೆ ಯಾರಾದರೂ ತಕರಾರು ತೆಗೆದರೆ ತೋರಿಸಲು ಅದು ಬೇಕು. ಬಿಜ್ಜಳ ನಡೆದುಕೊಂಡದ್ದು ಬಹುಮಟ್ಟಿಗೆ ಆ ಕಾಲದ ವ್ಯವಹಾರ ಕ್ರಮದಂತೆಯೇ. ಲಿಖಿತ ಕಂಡಿತು, ಬರೆದವರು ಅಲ್ಲಗಳೆಯಲಿಲ್ಲ. ಒಬ್ಬ ದಿವ್ಯಕ್ಕೆ ಮುಂದಾದರೆ ಎದುರಾಳಿ ಸೋತಲ್ಲಿ ಹೊರಬೇಕಾದ ದಂಡಕ್ಕೆ ಒಪ್ಪಬೇಕೆಂಬುದೂ ಶಾಸ್ತ್ರದಲ್ಲಿದೆ. ಪಣ ಒಡ್ಡಿ ಎಂದು ಅರಸ ಕೇಳಿದ್ದನ್ನು ನಾನು ಹಾಗೆಯೇ ಓದುತ್ತೇನೆ. ಆದರೂ ಜೈನರ ಉತ್ತರದಲ್ಲಿರುವ ನ್ಯಾಯವನ್ನು ತಳ್ಳಿಹಾಕಲು ನನ್ನಿಂದಾಗದು. ಲಿಖಿತ ಇದೆಯೆಂದ ಮೇಲೆ ಇನ್ನೊಂದು ದಿವ್ಯ ಯಾಕೆ? ಒಂದು ಬಸದಿಯ ಹಾನಿಯ ವಿಚಾರಣೆಗೆ ಬಂದವರು ನಾಡಿನ ಬಸದಿಗಳನ್ನೆಲ್ಲ ಯಾಕೆ ಒತ್ತೆ ಇಡಬೇಕು? ಒಂದು ಊರಿನ ಕೆಲವರು ಬರೆದ ಓಲೆ ಆ ಬಸದಿಗೆ ಭೂಮಿ ಬಿಟ್ಟವರನ್ನೂ ಪೂಜಿಸುವವರನ್ನೂ ಹೇಗೆ ಕಟ್ಟಿಹಾಕೀತು? ಗೆದ್ದವರು ಬರೆಸಿದ ಕಲ್ಲಿನಲ್ಲೇ ಸೋತವರ ಈ ಒಂದು ಮಾತು ಉಳಿದುಬಂದಿರುವುದನ್ನು ನಾನು ದೊಡ್ಡ ಭಾಗ್ಯವೆಂದು ತಿಳಿಯುತ್ತೇನೆ. ಅವರನ್ನು ನಗೆಪಾಟಲು ಮಾಡಲೆಂದು ಬರೆದದ್ದಾದರೂ ಅದು ಅವರ ವಕಾಲತ್ತಾಗಿ ನಿಂತಿದೆ.

ಜಯಪತ್ರದ ಬೆನ್ನಿಗೆ ಭೂಮಿ ಬಂತು. ಬಿಜ್ಜಳ ವೀರ ಸೋಮನಾಥನಿಗೆ ಬನವಾಸಿ ನಾಡಿನ ಸತ್ತಳಿಗೆ ಎಪ್ಪತ್ತರ ಗೋಗಾವೆಯನ್ನು ಬಿಟ್ಟ. ಬಿಜ್ಜಳನ ಅಂತ್ಯ, ಕಲ್ಯಾಣದ ಗಲಭೆ, ಅವನ ಮಕ್ಕಳ ಆಳ್ವಿಕೆ ಎಲ್ಲ ಕಳೆದು 1180ರ ದಶಕದಲ್ಲಿ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ದಂಡನಾಯಕ ಬ್ರಹ್ಮನ ಬಲದಿಂದ ಗದ್ದುಗೆ ಮರಳಿ ಪಡೆದ. ಒಂದು ದಿನ ಇಬ್ಬರೂ ಸೆಲೆಯಹಳ್ಳಿಯ ಕೊಪ್ಪದಲ್ಲಿ ಬೀಡುಬಿಟ್ಟು ಹಿಂದಿನ ಮತ್ತು ಹೊಸ ಶಿವಭಕ್ತರ ಕಥೆ ಕೇಳುತ್ತಿದ್ದಾಗ ರಾಮಯ್ಯನ ಮಾತು ಬಂತು. ಅರಸ ಅವನನ್ನು ಅರಮನೆಗೆ ಕರೆಸಿಕೊಂಡು ಅಬ್ಬಲೂರನ್ನೇ ದೇವರಿಗೆ ಕೊಟ್ಟ. ಕೊನೆಗೆ ಹಾನಗಲ್ಲಿನ ಕದಂಬ ಮಹಾಮಂಡಳೇಶ್ವರ ಕಾಮದೇವ ಗುಡಿಗೆ ಬಂದು ದೇವರನ್ನು ಕಂಡು, ಕಥೆ ಕೇಳಿ, ರಾಮಯ್ಯನನ್ನು ಹಾನಗಲ್ಲಿಗೆ ಕರೆಸಿ, ಪಾನುಂಗಲ್ಲು ಐನೂರರ ಹೊಸನಾಡು ಎಪ್ಪತ್ತರಲ್ಲಿ ಮುಂಡಗೋಡದ ಹತ್ತಿರದ ಮಲ್ಲವಳ್ಳಿಯನ್ನು ಧಾರೆಯೆರೆದ.

ಬೇರೆಬೇರೆ ಮೂರು ಮನೆತನಗಳು ಒಂದೇ ಗುಡಿಗೆ ಊರು ಬಿಟ್ಟದ್ದು ಬರಿಯ ಭಕ್ತಿಯಿಂದಲೇ ಎಂದು ನಂಬುವುದು ಕಷ್ಟ. ಹಿಂದಿನವನು ಒಪ್ಪಿದ್ದನ್ನು ಮುಂದಿನವನು ಒಪ್ಪದಿದ್ದರೆ ಹಕ್ಕು ಅಲುಗಾಡುತ್ತದೆ. ಕಲಚುರಿಯ ಜಯಪತ್ರಕ್ಕೆ ಚಾಲುಕ್ಯರ ಕಾಲದಲ್ಲಿ ಬೆಲೆ ಇರಬೇಕಾದರೆ ಚಾಲುಕ್ಯನೂ ಕೊಡಬೇಕು, ಹಾನಗಲ್ಲಿನ ಅರಸನೂ ಕೈಯೆತ್ತಬೇಕು. ಕಾಮದೇವನ ದಿನಗಳೂ ನೆಮ್ಮದಿಯವಲ್ಲ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲನ್ನು ಮುತ್ತಿ ಆನೆಕೆರೆಯ ಬಳಿ ದಂಡು ಇಳಿಸಿದ. ಕಾಮದೇವನ ದಂಡನಾಯಕ ಸೋಹಣಿಯೂ ಅವನ ಮಗನೂ ಆ ಸಲ ಶತ್ರುವನ್ನು ಹಿಮ್ಮೆಟ್ಟಿಸಿದರು. ಸೋಹಣಿ ಕಾಳಗದಲ್ಲಿ ಮಡಿದ. ಆ ಮುತ್ತಿಗೆಯ ವೀರಗಲ್ಲು ಹಾನಗಲ್ಲಿನಲ್ಲಿದೆ. ನಾಳೆ ಯಾರು ಆಳುವರೋ ಗೊತ್ತಿಲ್ಲದ ಇಂಥ ದಿನಗಳಲ್ಲೇ, ಸುಮಾರು 1200ರ ಹೊತ್ತಿಗೆ, ಅಬ್ಬಲೂರಿನವರು ಓಲೆ, ಜಯಪತ್ರ, ಮೂರು ದತ್ತಿಗಳ ಕಥೆಯನ್ನೆಲ್ಲ ಒಂದೇ ಕಲ್ಲಿಗೆ ಇಳಿಸಿದರು. ಕಾಲ ತಿಳಿಸುವ ತಿಥಿ ವಾರ ಅದರಲ್ಲಿಲ್ಲ. ಕಾಮದೇವನ ದತ್ತಿಯನ್ನು ಹಿಡಿದು ವಿದ್ವಾಂಸರು ಕಾಲ ಕಟ್ಟಿದ್ದಾರೆ. ಓಲೆಗರಿ ಗೆದ್ದಲಿಗೆ ತುತ್ತಾಗುವ ವಸ್ತು, ಜಯಪತ್ರವೂ ಅಷ್ಟೇ. ಎರಡೂ ಇಂದು ಇಲ್ಲ. ಅವು ಇದ್ದವು ಎನ್ನುವುದಕ್ಕೆ ಗೆದ್ದವರು ನಿಲ್ಲಿಸಿದ ಈ ಕಲ್ಲಿನ ಮಾತೇ ಆಧಾರ. ಶಂಕಗಾವುಂಡನ ಬಸದಿಗೂ ಭೂಮಿ ಬಿಟ್ಟ ಶಾಸನ ಇದ್ದಿರಲೇಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಕೊಣ್ಣೂರಿನ ಬಸದಿಗೆ ಸಿಕ್ಕ ವೀರಣಂದಿಯಂತೆ ಪ್ರತಿ ಮಾಡಿಸುವವರು ಅದಕ್ಕೆ ಸಿಗಲಿಲ್ಲ.

ಈ ಕಲ್ಲುಗಳನ್ನು ಮತ್ತೆ ಓದುವ ಕೆಲಸ ಧಾರವಾಡದಲ್ಲಿ ಸರ್ಕಾರಿ ನೌಕರಿಗೆ ಬಂದವರಿಂದ ಆರಂಭವಾಯಿತು. 1824ರ ಕಿತ್ತೂರಿನ ಬಂಡಾಯದಲ್ಲಿ ಸೆರೆ ಸಿಕ್ಕಿದ್ದ ವಾಲ್ಟರ್ ಎಲಿಯಟ್ ಆಮೇಲೆ ಊರೂರಿನ ಶಾಸನಗಳ ಪ್ರತಿ ಮಾಡಿಸಿ ದೊಡ್ಡ ಸಂಗ್ರಹ ಕಟ್ಟಿದ. 1843ರಿಂದ ಇದೇ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮು ಜಮೀನುಗಳ ವಿಚಾರಣೆ ಶುರುವಾಗಿ, ಹಳೆಯ ದತ್ತಿಗಳ ವಾರಸುದಾರರು ಪುರಾವೆ ತೋರಿಸಬೇಕಾಗಿ ಬಂತು. ಅಬ್ಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ 1898–99ರ ಐದನೆಯ ಸಂಪುಟದಲ್ಲಿ ಪೂರ್ತಿಯಾಗಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಬಸವಣ್ಣನ ಹೆಸರು ಈ ಕಲ್ಲಿನಲ್ಲಿ ಇಲ್ಲದ್ದನ್ನು ಕಂಡು, ಆ ಕಾಲದ ಶೈವ ಪುನರುತ್ಥಾನದ ನಿಜವಾದ ಮುಂದಾಳು ರಾಮಯ್ಯನೇ ಇರಬೇಕೆಂದು ಅವರು ವಾದಿಸಿದರು. 1260ರ ಅರ್ಜುನವಾಡ ಶಾಸನ ಬೆಳಕಿಗೆ ಬಂದು ಅದರಲ್ಲಿ ಬಸವಣ್ಣನ ಹೆಸರು ಕಂಡ ಮೇಲೆ ಆ ವಾದ ನಿಲ್ಲಲಿಲ್ಲ. ಒಂದು ಕಲ್ಲಿನ ಮೌನವನ್ನು ಇತಿಹಾಸದ ತೀರ್ಪೆಂದು ಹಿಡಿಯಬಾರದೆಂಬ ಪಾಠ ಅದರಿಂದ ಎಲ್ಲರಿಗೂ ಆಯಿತು. ಪವಾಡದ ಹಿಂದೆ ಏನಿತ್ತು ಎಂಬ ಚರ್ಚೆ ಈಗಲೂ ನಡೆದಿದೆ. ದಕ್ಷಿಣ ಭಾರತದುದ್ದಕ್ಕೂ ನಡೆದ ಶೈವ ಜೈನ ಸಂಘರ್ಷದ ಒಂದು ಕೊಂಡಿ ಇದೆಂದು ಕೆಲವರು ನೋಡಿದರೆ, ಊರ ಗೌಡಿಕೆಗೂ ದೇವಸ್ಥಾನದ ಭೂಮಿಗೂ ಸಂಬಂಧಪಟ್ಟ ಸ್ಥಳೀಯ ಹಣಾಹಣಿ ಎಂದು ಇನ್ನು ಕೆಲವರು ಓದುತ್ತಾರೆ. ಎರಡೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ದೊರೆಗಳು ಬಿಟ್ಟ ಮೂರು ಊರುಗಳು ಕಣ್ಣ ಮುಂದಿರುವಾಗ ಭೂಮಿಯ ಪ್ರಶ್ನೆಯನ್ನು ಬದಿಗಿಟ್ಟು ಓದುವುದು ನನಗೆ ಸರಿ ಕಾಣುವುದಿಲ್ಲ.

ಇಂಥ ಜಗಳಗಳು ಅಬ್ಬಲೂರಿಗೇ ಮುಗಿಯಲಿಲ್ಲ, ಅವು ಬರಹಕ್ಕೆ ಬಂದ ಬಗೆ ಮಾತ್ರ ಬದಲಾಯಿತು. 1368ರಲ್ಲಿ ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ನಾಡಿನ ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಅವನು ಯಾರಿಗೂ ಪಣ ಒಡ್ಡಲು ಹೇಳಲಿಲ್ಲ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಮನೆಗೊಂದು ಹಣದಂತೆ ವರ್ಷವರ್ಷ ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲು ಹಾಕಬೇಕು, ಮಿಕ್ಕಿದ್ದರಲ್ಲಿ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದು ಶಾಸನವಾಯಿತು. ಶ್ರವಣಬೆಳಗೊಳದಲ್ಲಿ ಅದು ಇಂದಿಗೂ ನಿಂತಿದೆ. ಇಲ್ಲಿ ದೂರು ಕೊಟ್ಟವರ ಅಳಲಿಗೂ ದಾಖಲೆಯಲ್ಲಿ ಜಾಗ ಸಿಕ್ಕಿತು.

ಅಬ್ಬಲೂರಿನ ಕಥೆಗೆ ಇನ್ನೂ ಹತ್ತಿರವಾದದ್ದು 1638ರ ಹಳೇಬೀಡಿನ ಶಾಸನ. ಹುಚ್ಚಪ್ಪದೇವರು ಎಂಬವರು ಅಲ್ಲಿನ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದರು. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿಹಾಕಿದ. ಬೇಲೂರಿನ ವೆಂಕಟಾದ್ರಿ ನಾಯಕನ ಆಳ್ವಿಕೆ. ರಾಮಯ್ಯನ ಕಾಲವಾಗಿದ್ದರೆ ಇಷ್ಟಕ್ಕೇ ಊರು ಎರಡಾಗುತ್ತಿತ್ತು. ಈ ಸಲ ಜೈನ ಮುಖಂಡರು ವೀರಶೈವ ಮಹಾಮಹತ್ತಿನವರ ಮುಂದೆ ವಿಷಯ ಇಟ್ಟರು, ಮಹಾಮಹತ್ತು ಕೂಡಿ ತೀರ್ಮಾನ ಬರೆಸಿತು. ಮೊದಲು ವಿಭೂತಿ ವೀಳ್ಯ ಕೊಟ್ಟು, ಆಮೇಲೆ ಜೈನರು ತಮ್ಮ ಬಸದಿಯ ಪೂಜೆ ಪುನಸ್ಕಾರ ಅಂಗರಂಗವೈಭವಗಳನ್ನು ಹಿಂದಿನ ಪದ್ಧತಿಯಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಬರಬಹುದು. ಕೊನೆಯಲ್ಲಿ ಬರಬೇಕಾದ ಶಾಪವೂ ಬಂತು, ಆದರೆ ಅದರ ಗುರಿ ಬೇರೆಯಾಗಿತ್ತು. ಜಿನಧರ್ಮಕ್ಕೆ ಅಡ್ಡಿ ಮಾಡುವ ವೀರಶೈವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವನಿಗೂ ಜಂಗಮಕ್ಕೂ ದ್ರೋಹಿ, ವಿಭೂತಿ ರುದ್ರಾಕ್ಷಿಗೂ ಕಾಶಿ ರಾಮೇಶ್ವರಗಳ ಲಿಂಗಗಳಿಗೂ ತಪ್ಪಿದವನು ಎಂದು ವೀರಶೈವರೇ ಕಲ್ಲಿನಲ್ಲಿ ಬರೆಸಿದರು.